ಆ ಅಜ್ಜಿಗೆ ಬೇಜಾರಾಗಿದ್ದು ಯಾಕೆ?

ನಿಮ್ಮ ನಾಲ್ಕು ಪುಟದ ಪತ್ರ ಬಂತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇವರು ಕೆಲಸಕ್ಕೆ ರಜೆ ಹಾಕಿ, ಬೆನ್ನಿಗೊಂದು ಚೀಲ ಏರಿಸಿಕೊಂಡು, ಒಬ್ಬರೇ 23 ದಿನ ಹಳ್ಳಿಗಳ ನಡುವೆ ನಡೆದಿದ್ದಾರೆ. ಗುರುತು ಪರಿಚಯ ಇಲ್ಲದವರು ನೀರು ಕೊಟ್ಟರು, ಊಟಕ್ಕೆ ಕರೆದರು, ಮಳೆ ಹಿಡಿದ ರಾತ್ರಿ ಮಲಗಲು ಜಾಗ ಕೊಟ್ಟರು. ಹನ್ನೊಂದನೇ ದಿನ ಒಬ್ಬ ಅಜ್ಜಿಯ ಮನೆಯಲ್ಲಿ ಉಳಿದು ಬೆಳಿಗ್ಗೆ ಹೊರಡುವಾಗ ಇವರು ದುಡ್ಡು ಕೊಡಲು ಹೋದರು. ಅಜ್ಜಿಯ ಮುಖ ಸಪ್ಪಗಾಯಿತು. ಒಂದು ಮಾತೂ ಆಡದೆ ಒಳಗೆ ಹೋಗಿಬಿಟ್ಟರು. ಇವರ ಪ್ರಶ್ನೆ ಇದು: "ನಾನು ತಪ್ಪು ಮಾಡಿದೆನಾ? ಸುಮ್ನೆ ತಿಂದು ಮಲಗಿ ಬಂದಿದ್ದರೆ ಅದು ಬೇಡಿದ ಹಾಗೆ ಆಗುತ್ತಿರಲಿಲ್ಲವಾ?"

ಸ್ವಲ್ಪ ತಪ್ಪು ಮಾಡಿದಿರಿ, ಹೌದು. ನಾನೂ ಮಾಡಿದ್ದೇನೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಆಗ ನನಗೆ ಇಪ್ಪತ್ತಾರು. ಗೆಳೆಯನ ಜೊತೆ ಹೀಗೇ ದೂರ ನಡೆಯಲು ಹೋಗಿದ್ದೆ. ಎರಡು ದಾರಿ ಕೂಡುವ ಕಡೆ ಎಡಕ್ಕೆ ಹೋಗಬೇಕಾದವರು ಬಲಕ್ಕೆ ಹೋದೆವು, ಅದೂ ನನ್ನ ಹಟದಿಂದ. ಕತ್ತಲಾಯಿತು. ಹೊಸ ಬೂಟು ಹಿಮ್ಮಡಿಯ ಚರ್ಮ ಕಿತ್ತು ಹಾಕಿತ್ತು. ಕೊನೆಗೆ ದೀಪ ಕಂಡ ಒಂದು ಮನೆಯ ಮುಂದೆ ನಿಂತೆವು. ಮನೆಯಾತ ನಮ್ಮನ್ನು ಏನೂ ಕೇಳಲಿಲ್ಲ, ಮೊದಲು ನನ್ನ ಕಾಲು ನೋಡಿದ. ಆತನ ಹೆಂಡತಿ ಬಿಸಿನೀರಿಗೆ ಉಪ್ಪು ಹಾಕಿ ತಂದಿಟ್ಟರು. ಮಾರನೇ ದಿನ ಹೊರಡುವಾಗ, ಕೈಗೆ ಕೊಟ್ಟರೆ ತಗೊಳ್ಳುವುದಿಲ್ಲ ಅಂತ ಗೊತ್ತಿದ್ದರಿಂದ, ದಿಂಬಿನ ಕೆಳಗೆ ದುಡ್ಡಿಟ್ಟು ಬಂದೆ. ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಒಂದು ಗಂಟೆ ನಡೆದಿರಬಹುದು, ಹಿಂದಿನಿಂದ ಸೈಕಲ್ ಗಂಟೆ ಕೇಳಿಸಿತು. ಆ ಮನೆಯ ಹುಡುಗ. ಬೆವರಿಳಿಸಿಕೊಂಡು ಬಂದು, "ನಿಮ್ಮ ದುಡ್ಡು ಬಿದ್ದುಹೋಗಿತ್ತಂತೆ, ಅಪ್ಪ ಕೊಟ್ಟು ಬಾ ಅಂದರು" ಅಂದ. ಇಟ್ಟಿದ್ದಿರಿ ಅನ್ನಲಿಲ್ಲ ನೋಡಿ. ಬಿದ್ದುಹೋಗಿತ್ತು ಅಂದ. ನನ್ನ ಮರ್ಯಾದೆಯನ್ನೂ ಅವರೇ ಉಳಿಸಿದರು.

ಆಮೇಲೆ ಎಷ್ಟೋ ದಿನ ಯೋಚಿಸಿದ್ದೇನೆ, ನನಗೆ ಅಷ್ಟು ಅವಸರ ಯಾಕಿತ್ತು ಅಂತ. ಯಾರ ಹಂಗೂ ಬೇಡ ಅಂತ ಕೇಳಿಕೊಂಡೇ ಬೆಳೆದವರು ನಾವು. ಹಂಗಿನಲ್ಲಿದ್ದೇವೆ ಅನ್ನಿಸಿದ ಕೂಡಲೇ ಜೇಬಿಗೆ ಕೈ ಹೋಗುತ್ತದೆ, ಲೆಕ್ಕ ಚುಕ್ತಾ ಮಾಡಿ ಹಗುರಾಗಿ ಹೊರಡೋಣ ಅನ್ನಿಸುತ್ತದೆ. ರಾತ್ರಿಯೆಲ್ಲ ಆ ಅಜ್ಜಿ ನಿಮ್ಮನ್ನು ಮನೆಗೆ ಬಂದವರು ಅಂದುಕೊಂಡಿದ್ದರು. ಬೆಳಿಗ್ಗೆ ನೀವು ನೋಟು ತೆಗೆದಿರಿ, ಅವರ ಮನೆ ಲಾಡ್ಜ್ ಆಯಿತು.

ಈ ಪೇಚಾಟ ನಮಗಿಬ್ಬರಿಗೇ ಬಂದದ್ದೂ ಅಲ್ಲ, ಹೊಸದೂ ಅಲ್ಲ. ಜಪಾನಿನ ಶಿಕೊಕು ದ್ವೀಪದಲ್ಲಿ 88 ದೇವಾಲಯಗಳನ್ನು ಸುತ್ತುವ ಯಾತ್ರೆ ಇದೆ, ಸುಮಾರು 1,200 ಕಿಲೋಮೀಟರ್ ದಾರಿ. ನಡೆಯುವವರಿಗೆ ದಾರಿಯ ಊರಿನವರು ಹಣ್ಣು, ಊಟ, ಕೆಲವೊಮ್ಮೆ ದುಡ್ಡನ್ನೂ ಕೊಡುತ್ತಾರೆ. ಅದಕ್ಕೆ ಒಸೆತ್ತಾಯ್ ಅಂತ ಹೆಸರು. ಬೇಡ ಅನ್ನಬಾರದು ಅನ್ನುವುದು ರೂಢಿ. ತಗೊಂಡವರು ತಮ್ಮ ಹೆಸರು ಬರೆದ ಒಂದು ಚೀಟಿಯನ್ನು ತಿರುಗಿ ಕೊಡುತ್ತಾರೆ. ಬರೀ ಕಾಗದದ ಚೀಟಿ! ಆದರೆ ಕೊಟ್ಟವರು ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ, ಯಾಕೆಂದರೆ ತಾವು ನಡೆಯಲಾಗದ ಯಾತ್ರೆಯಲ್ಲಿ ತಮಗೂ ಒಂದು ಪಾಲು ಸಿಕ್ಕಿತು ಅನ್ನುವ ಭಾವನೆ ಅದರಲ್ಲಿದೆ. ಸ್ಪೇನಿನಲ್ಲಿ ಸ್ಯಾಂಟಿಯಾಗೊ ಅನ್ನುವ ಯಾತ್ರಾಸ್ಥಳಕ್ಕೆ ಹೋಗುವ ಕಾಲುದಾರಿಯ ಕೆಲವು ತಂಗುಮನೆಗಳಲ್ಲಿ ದರಪಟ್ಟಿಯೇ ಇಲ್ಲ, ಕೈಲಾದಷ್ಟು ಹಾಕಲು ಒಂದು ಪೆಟ್ಟಿಗೆ ಇಟ್ಟಿರುತ್ತಾರೆ. ಇದೂ ಒಳ್ಳೆಯ ಉಪಾಯವೇ. ಆದರೆ ಅಜ್ಜಿಯ ಮನೆಯಲ್ಲಿ ಪೆಟ್ಟಿಗೆ ಇರಲಿಲ್ಲವಲ್ಲ.

ಇನ್ನು ನೀವು ಬರೆದ 'ಬೇಡುವುದು' ಅನ್ನುವ ಮಾತು. ಅಮೆರಿಕದ ಎಮ್ಮಾ ಗೇಟ್‌ವುಡ್ 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಅಪಲೇಶಿಯನ್ ಟ್ರೇಲ್ ಅನ್ನುವ ಬೆಟ್ಟಸಾಲಿನ ಕಾಲುದಾರಿಯನ್ನು ಪೂರ್ತಿ ಒಬ್ಬರೇ ನಡೆದರು. 3,000 ಕಿಲೋಮೀಟರಿಗೂ ಜಾಸ್ತಿ. ಹನ್ನೊಂದು ಮಕ್ಕಳ ತಾಯಿ. ಟೆಂಟ್ ಇಲ್ಲ, ಕೈಯಲ್ಲೇ ಹೊಲಿದ ಒಂದು ಚೀಲ, ಮಳೆಗೆ ಹೊದ್ದುಕೊಳ್ಳಲು ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ರಾತ್ರಿಯಾದರೆ ದಾರಿಯ ಪಕ್ಕದ ಮನೆಗಳ ಬಾಗಿಲು ತಟ್ಟುತ್ತಿದ್ದರು. ಕೆಲವರು ಒಳಗೆ ಕರೆದರು, ಕೆಲವರು ಕಳಿಸಿಬಿಟ್ಟರು. ಆಕೆ ಮುಂದಕ್ಕೆ ಹೋದರು, ಅಷ್ಟೇ. ಕೇಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಇಲ್ಲ ಅನ್ನಲು ಎದುರಿನವರಿಗೆ ಜಾಗ ಬಿಟ್ಟು ಕೇಳಬೇಕು. ಕತ್ತಲಾದ ಮೇಲೆ ಹೋಗಿ ನಿಂತರೆ ಅವರಿಗೆ ಇಲ್ಲ ಅನ್ನಲು ಆಗುವುದಿಲ್ಲ, ಬೆಳಕಿರುವಾಗಲೇ ಕೇಳಿ. ಮನೆಯೊಳಗೆ ಕೇಳಬೇಡಿ, ಹೊರಗೆ ಎಲ್ಲಿ ಮಲಗಬಹುದು ಅಂತ ಕೇಳಿ. ದೂರದಿಂದ ಹೊತ್ತು ತಂದ ನೀರಾದರೆ ಬಾಟಲಿ ಪೂರ್ತಿ ತುಂಬಿಸಿಕೊಳ್ಳಬೇಡಿ. ಕೊಡುವವರ ಹತ್ತಿರ ಎಷ್ಟಿದೆ ಅಂತ ನೋಡುವ ಕಣ್ಣು ಬೇಕು.

(ಈಗ ಅದೇ ಟ್ರೇಲ್‌ನಲ್ಲಿ ನಡೆಯುವವರಿಗೆ ತಿಂಡಿ, ತಂಪು ಪಾನೀಯ ಕೊಡುವುದಕ್ಕೆ 'ಟ್ರೇಲ್ ಮ್ಯಾಜಿಕ್' ಅಂತ ಹೆಸರೇ ಬಂದಿದೆ. ದಾರಿ ನೋಡಿಕೊಳ್ಳುವ ಸಂಸ್ಥೆಯೇ ಈಗ, ದಯವಿಟ್ಟು ತಿಂಡಿಯನ್ನು ಕಾಡಿನಲ್ಲಿ ಸುಮ್ನೆ ಬಿಟ್ಟು ಹೋಗಬೇಡಿ ಅನ್ನಬೇಕಾಗಿದೆ, ಪ್ರಾಣಿಗಳು ಬಂದು ತಿನ್ನುತ್ತವೆ ಅಂತ. ಒಳ್ಳೆಯತನವೂ ಎದುರಿಗೆ ಒಬ್ಬ ಮನುಷ್ಯ ಇದ್ದರೇ ಸರಿ.)

ಪತ್ರದ ಕೊನೆಯಲ್ಲಿ "ಹಳ್ಳಿಯ ಜನ ಎಲ್ಲರೂ ದೇವರಂಥವರು" ಅಂದಿದ್ದೀರಿ. ಇಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ನೀವು ಗಂಡಸರು. ನಿಮ್ಮ ಬೂಟು, ಚೀಲ ನೋಡಿದರೇ ಇವರು ಇಷ್ಟಪಟ್ಟು ನಡೆಯುತ್ತಿದ್ದಾರೆ, ಕಷ್ಟಕ್ಕಲ್ಲ ಅಂತ ಗೊತ್ತಾಗುತ್ತದೆ. ಕೆಲಸ ಹುಡುಕಿಕೊಂಡು ಹರಿದ ಚಪ್ಪಲಿಯಲ್ಲಿ ಅದೇ ದಾರಿಯಲ್ಲಿ ನಡೆದವನಿಗೆ ಅಷ್ಟೂ ಬಾಗಿಲು ತೆರೆಯುತ್ತಿದ್ದವಾ? ಒಬ್ಬಳೇ ಹೆಂಗಸು ಯಾರೋ ಕರೆದ ಮನೆಯೊಳಗೆ ನಿಮ್ಮ ಹಾಗೆ ನಿಶ್ಚಿಂತೆಯಿಂದ ಹೋಗಿ ಮಲಗುತ್ತಿದ್ದಳಾ? ಇದನ್ನು ಹೇಳಿ ಅಜ್ಜಿಯ ಊಟವನ್ನು ಸಣ್ಣದು ಮಾಡುತ್ತಿಲ್ಲ. ಆದರೆ ನಿಮಗೆ ಸಿಕ್ಕಿದ್ದರಲ್ಲಿ ಸ್ವಲ್ಪ ಭಾಗ ನಿಮ್ಮ ಚೀಲಕ್ಕೆ ಸಿಕ್ಕಿದ್ದು ಅನ್ನುವುದೂ ನೆನಪಿರಲಿ. ನಾಳೆ ನಿಮ್ಮ ಬಾಗಿಲಿಗೆ ಚೀಲ ಇಲ್ಲದವನು ಬಂದರೆ ಏನು ಮಾಡುತ್ತೀರಿ? ನನಗಂತೂ ಇನ್ನೂ ಧೈರ್ಯವಾಗಿ ಉತ್ತರ ಹೇಳಲು ಬರುವುದಿಲ್ಲ.

ಋಣದ ವಿಷಯಕ್ಕೆ ಬಂದರೆ ನನಗೆ ಯಾವಾಗಲೂ ನೆನಪಾಗುವುದು ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್. ಅಣುಬಾಂಬ್ ಬೇಡ ಅಂತ ಹೇಳಲು ಇಬ್ಬರೂ 1962ರಲ್ಲಿ ದೆಹಲಿಯಿಂದ ಹೊರಟು ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್‌ವರೆಗೆ ಹೋದರು. ಸಮುದ್ರ ಅಡ್ಡ ಬಂದ ಕಡೆ ಹಡಗು, ಉಳಿದದ್ದು ನಡಿಗೆ. ವಿನೋಬಾ ಭಾವೆ ಹೇಳಿದ್ದರಿಂದ ಕೈಯಲ್ಲಿ ಕಾಸೂ ಇಟ್ಟುಕೊಳ್ಳಲಿಲ್ಲ. ಹಾಗಾಗಿ ಬೆಳಿಗ್ಗೆ ಎದ್ದು ದುಡ್ಡು ಕೊಡುವ ಪ್ರಶ್ನೆಯೇ ಇಲ್ಲ! ಜಾರ್ಜಿಯಾದಲ್ಲಿ ಒಂದು ಟೀ ಫ್ಯಾಕ್ಟರಿಯ ಹೆಂಗಸರು ಇವರನ್ನು ಒಳಗೆ ಕರೆದರು. ಅವರಲ್ಲೊಬ್ಬಾಕೆ ನಾಲ್ಕು ಟೀ ಪೊಟ್ಟಣ ತಂದುಕೊಟ್ಟರು. ಇವು ನಿಮಗಲ್ಲ, ಅಣುಬಾಂಬ್ ಇರುವ ನಾಲ್ಕು ದೇಶದ ನಾಯಕರಿಗೆ, ಬಾಂಬಿನ ಗುಂಡಿ ಒತ್ತುವ ಹುಚ್ಚು ಬಂದರೆ ಮೊದಲು ಒಂದು ಕಪ್ ಟೀ ಕುಡಿಯಲಿ ಅಂತ ಹೇಳಿ ಅಂದರು. ಇವರು ಆ ಪೊಟ್ಟಣಗಳನ್ನು ಹೊತ್ತುಕೊಂಡೇ ನಡೆದರು. ಟೀ ಕೊಟ್ಟಾಕೆಗೆ ಇವರಿಂದ ಬೇಕಾಗಿದ್ದು ಅಷ್ಟೇ, ಮುಂದಕ್ಕೆ ಒಯ್ಯುವ ಕೆಲಸ.

ನಿಮ್ಮ ಅಜ್ಜಿಗೆ ಏನು ಬೇಕಾಗಿತ್ತು? ಪತ್ರದ ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಗಮನಿಸಿದಿರೋ ಇಲ್ಲವೋ. ರಾತ್ರಿ ಊಟ ಆದ ಮೇಲೆ ಅವರು ನಿಮ್ಮ ತಾಯಿಯ ಬಗ್ಗೆ ಕೇಳಿದರು, ಎಷ್ಟು ದೂರ ನಡೆದೆ, ಕಾಲು ನೋಯಲ್ವಾ ಅಂದರು, ಊರು ಮುಟ್ಟಿದ ಮೇಲೆ ಒಂದು ಸುದ್ದಿ ಮುಟ್ಟಿಸು ಅಂದರು. ನೀವು ಊರು ಮುಟ್ಟಿ ಎರಡು ತಿಂಗಳಾಯಿತು. ನನಗೆ ನಾಲ್ಕು ಪುಟ ಬರೆದಿದ್ದೀರಿ, ಅವರಿಗೆ ಒಂದು ಸಾಲೂ ಇಲ್ಲ.

ಬಾಗಿಲಲ್ಲಿ ನಿಂತ ಅಜ್ಜಿಯ ಫೋಟೋ ನಿಮ್ಮ ಮೊಬೈಲಿನಲ್ಲಿ ಇದೆಯಂತಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಹಿಂದೆ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಬರೆಯಿರಿ, ಅವರಿಗೆ ಕಣ್ಣು ಕಾಣದಿದ್ದರೆ ಪಕ್ಕದ ಮನೆಯ ಮಗುವೂ ಓದಿ ಹೇಳುವ ಹಾಗೆ. ಇವತ್ತೇ ಅಂಚೆಗೆ ಹಾಕಿ. ಕವರಿನೊಳಗೆ ಮತ್ತೆ ನೋಟು ಇಡಲು ಹೋಗಬೇಡಿ.