ಬೇಸಿಗೆಯ ಡಾಫ್ನಿಯಾ ಯಾಕಿಷ್ಟು ಸಣ್ಣ?

ಪ್ರಶ್ನೆ: ಸರ್, ನಾನು ಜರ್ಮನಿಯ ಕೋನ್‌ಸ್ಟಾನ್ಸ್‌ನಲ್ಲಿ ಜೀವವಿಜ್ಞಾನ ಓದುತ್ತಿದ್ದೇನೆ. ಇಲ್ಲಿನ ಸರೋವರದಲ್ಲಿ ಮೇ ತಿಂಗಳಲ್ಲಿ ಬಲೆಗೆ ಸಿಕ್ಕ ಡಾಫ್ನಿಯಾ (ಸಿಗಡಿ ಬಳಗದ ಪುಟಾಣಿ ನೀರುಜೀವಿ) ದಪ್ಪದಪ್ಪ ಇದ್ದವು. ಆಗಸ್ಟ್‌ನಲ್ಲಿ, ಅಂದರೆ ಇಲ್ಲಿನ ಬೇಸಿಗೆಯಲ್ಲಿ, ಅದೇ ಜಾಗದಲ್ಲಿ ಪುಟಾಣಿಗಳೇ ಜಾಸ್ತಿ. ಬಿಸಿಗೆ ಕುಗ್ಗಿದವಾ?

ಉತ್ತರ: ಕುಗ್ಗಿಲ್ಲ. ಮೇನಲ್ಲಿ ನೀವು ಕಂಡವು ಬಹುಪಾಲು ಸತ್ತಿವೆ. ಆಗಸ್ಟ್‌ನವು ಅವುಗಳ ಮರಿಮೊಮ್ಮಕ್ಕಳು.

ಬಿಸಿಗೂ ಪಾಲಿದೆ ಅನ್ನಿ. ನೀರು ಬೆಚ್ಚಗಾದರೆ ಡಾಫ್ನಿಯಾ ಬೇಗ ಪ್ರಾಯಕ್ಕೆ ಬರುತ್ತದೆ, ಮೈ ಸಣ್ಣದಿರುವಾಗಲೇ ಮೊಟ್ಟೆ ಇಡುತ್ತದೆ. ಆದರೆ ನಾನು ಹೆಚ್ಚು ದೂರುವುದು ಮೀನನ್ನು. ಆ ವರ್ಷ ಹುಟ್ಟಿದ ಮೀನುಮರಿಗಳು ಬೇಸಿಗೆ ಹೊತ್ತಿಗೆ ಬೇಟೆಗೆ ಇಳಿದಿರುತ್ತವೆ. ಅವು ಕಣ್ಣಲ್ಲಿ ನೋಡಿ ಹಿಡಿಯುವ ಜಾತಿ. ಡಾಫ್ನಿಯಾದ ಮೈ ಗಾಜಿನ ಹಾಗೆ; ಎದ್ದು ಕಾಣುವುದು ಕಪ್ಪು ಕಣ್ಣು, ಬೆನ್ನಿನ ಚೀಲದಲ್ಲಿರುವ ಮೊಟ್ಟೆ. ಹಾಗಾಗಿ ದೊಡ್ಡ ಬಸುರಿಯರೇ ಮೊದಲು ಬಲಿ.

ಇದಕ್ಕೆ ಒಳ್ಳೆಯ ಪುರಾವೆ ಅಮೆರಿಕದ ಕನೆಕ್ಟಿಕಟ್‌ನ ಕ್ರಿಸ್ಟಲ್ ಲೇಕ್. 1942ರಲ್ಲಿ ಅಲ್ಲಿ ದೊಡ್ಡ ಪ್ಲಾಂಕ್ಟನ್‌ಗಳದ್ದೇ (ಡಾಫ್ನಿಯಾದಂಥ, ನೀರಿನಲ್ಲಿ ತೇಲಾಡುವ ಪುಟ್ಟ ಜೀವಿಗಳು) ರಾಜ್ಯ. ಆಮೇಲೆ ಪ್ಲಾಂಕ್ಟನ್ ತಿನ್ನುವ ಮೀನು ಬಂದು ಸೇರಿತು. 1964ರಲ್ಲಿ ನೋಡಿದರೆ ಡಾಫ್ನಿಯಾ ಪತ್ತೆಯೇ ಇಲ್ಲ, ಅದರದೇ ಬಳಗದ ಪುಟ್ಟ ಬಾಸ್ಮಿನಾ ತುಂಬಿತ್ತು. ಬ್ರೂಕ್ಸ್ ಮತ್ತು ಡಾಡ್ಸನ್ ಎಂಬ ವಿಜ್ಞಾನಿಗಳು 1965ರಲ್ಲಿ ಇದನ್ನು ಪ್ರಕಟಿಸಿದರು. ಅಲ್ಲಿ ಇಪ್ಪತ್ತು ವರ್ಷಗಳ ಅಂತರದಲ್ಲಿ ಕಂಡದ್ದು ನಿಮ್ಮಲ್ಲಿ ಪ್ರತಿ ಬೇಸಿಗೆಯೂ ಸ್ವಲ್ಪಮಟ್ಟಿಗೆ ನಡೆಯುತ್ತದೆ.

ಇನ್ನೂ ಸೋಜಿಗ ಅಂದರೆ, ಮೀನು ಬಾಯಿ ಹಾಕಲೇಬೇಕೆಂದಿಲ್ಲ. ಅದು ನೀರಿಗೆ ಬಿಡುವ ರಾಸಾಯನಿಕದ ಸುಳಿವು ಸಿಕ್ಕರೂ ಸಾಕು, ಎಷ್ಟೋ ಡಾಫ್ನಿಯಾಗಳು ಬೆಳೆಯುವುದು ಬಿಟ್ಟು ಬೇಗ ಮೊಟ್ಟೆ ಇಡಲು ಶುರುಮಾಡುತ್ತವೆ. ಶತ್ರು ಕಾವೋಬೊರಸ್ ಎಂಬ ನೊಣದ ಮರಿಹುಳುವಾದರೆ ಲೆಕ್ಕ ಉಲ್ಟಾ. ಅದು ಹಿಡಿಯುವುದು ಸಣ್ಣವನ್ನು. ಆಗ ದೊಡ್ಡದಾದಷ್ಟೂ ಕ್ಷೇಮ. ಇನ್ನು ಊಟದ ಮಾತು: ಬೇಸಿಗೆಯ ದಾರದಂಥ ಪಾಚಿ ದೊಡ್ಡವುಗಳ ಸೋಸುಕಾಲಿಗೆ (ನೀರು ಸೋಸಿ ಊಟ ಹಿಡಿಯುವ ಕಾಲು) ಸಿಕ್ಕಿಹಾಕಿಕೊಂಡು ತೊಂದರೆ ಕೊಡುತ್ತದೆ.

ನಿಮ್ಮ ಸ್ಯಾಂಪಲ್‌ನಲ್ಲಿ ಯಾವ ಕಾರಣ ಎಷ್ಟು ಅಂತ ತಿಳಿಯಬೇಕಾ? ಸುಮ್ನೆ ಎಲ್ಲವನ್ನೂ ಅಳೆದು ಸರಾಸರಿ ತೆಗೆಯಬೇಡಿ. ಮೊದಲು ಜಾತಿವಾರು ಬೇರ್ಪಡಿಸಿ. ಸಣ್ಣ ಜಾತಿ ಬಂದು ಸೇರಿದ್ದರೂ ಸರಾಸರಿ ಇಳಿಯುತ್ತದೆ, ಅಲ್ವಾ? ಕಣ್ಣಿನ ಮೇಲಂಚಿನಿಂದ ಬಾಲದ ಮುಳ್ಳಿನ ಬುಡದವರೆಗೆ ಅಳೆಯಿರಿ. ಮುಳ್ಳು ಸೇರಿಸಬೇಡಿ. ಕೆಲವು ಜಾತಿಗಳಿಗೆ ಬೇಸಿಗೆಯಲ್ಲಿ ತಲೆ ಮೇಲೆ ಚೂಪು ಹೆಲ್ಮೆಟ್ ಬೆಳೆಯುತ್ತದೆ, ಅದನ್ನೂ ಬಿಡಿ. ಕೊನೆಗೆ ಮೊಟ್ಟೆ ಹೊತ್ತ ಹೆಣ್ಣುಗಳಲ್ಲಿ ತೀರಾ ಸಣ್ಣವು ಎಷ್ಟುದ್ದ ಇವೆ, ಮೇ ಮತ್ತು ಆಗಸ್ಟ್ ಎರಡರಲ್ಲೂ ನೋಡಿ. ಆ ಅಳತೆ ಇಳಿದಿದ್ದರೆ ಅವು ನಿಜಕ್ಕೂ ಬೇಗ ಪ್ರಾಯಕ್ಕೆ ಬರುತ್ತಿವೆ. ಇಳಿಯದೆ ಬರೀ ದೊಡ್ಡವು ಕಾಣೆಯಾಗಿದ್ದರೆ, ಮೀನು ತಿಂದಿರುವ ಸಾಧ್ಯತೆಯೇ ಜಾಸ್ತಿ.