ಗದ್ದೆ ಮಾತು: ಈ ಸಲ ಭತ್ತದ ಬೀಜದೊಳಗಿನ ಲೆಕ್ಕ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಭತ್ತದ ಬಗ್ಗೆಯೇ ಇವೆ. ಎಲ್ಲಕ್ಕೂ ಉತ್ತರ ಕೊಡೋಕೆ ಜಾಗ ಸಾಲದು. ಒಂದಕ್ಕೊಂದು ಹೊಂದುವ ನಾಲ್ಕೈದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮಲ್ಲಿ ಅಜ್ಜನ ಕಾಲದ ಒಂದು ಕೆಂಪಕ್ಕಿ ಭತ್ತ ಇದೆ. ಮಳೆಗಾಲದಲ್ಲಿ ಚೆನ್ನಾಗಿ ಬರುತ್ತದೆ. ಈ ವರ್ಷ ಕೆರೆಯಲ್ಲಿ ನೀರಿತ್ತು ಅಂತ ಬೇಸಿಗೆಗೂ ಅದನ್ನೇ ಹಾಕಿದೆವು. ಫೆಬ್ರವರಿ ಮೊದಲ ವಾರ ಸಸಿಮಡಿ, ಮಾರ್ಚ್ ಮೊದಲಿಗೆ ನೆಟ್ಟಿ. ಮೇ ಮುಗಿದರೂ ಒಂದು ತೆನೆ ಇಲ್ಲ, ಎದೆಮಟ್ಟ ಹುಲ್ಲು ಮಾತ್ರ. ಗೊಬ್ಬರ ಕಡಿಮೆ ಆಯ್ತಾ, ಬೀಜ ಕೆಟ್ಟಿತ್ತಾ?
— ತೀರ್ಥಹಳ್ಳಿ ಹತ್ತಿರದ ಓದುಗರು

ಉತ್ತರ: ಎರಡೂ ಇಲ್ಲ ಮಾರಾಯ್ರೆ. ನಿಮ್ಮ ಬೀಜ ಬಹಳ ಸರಿಯಾಗಿಯೇ ನಡೆದುಕೊಂಡಿದೆ. ಅದು ಕಾಯುತ್ತಿತ್ತು ಅಷ್ಟೆ.

ಭತ್ತ ಮೂಲತಃ ಹಗಲು ಚಿಕ್ಕದಾಗುವಾಗ ತೆನೆ ಹಾಕುವ ಗಿಡ. ನಮ್ಮ ಶಿವಮೊಗ್ಗದ ಕಡೆ ಜೂನ್ 21ರ ಆಸುಪಾಸು ಹಗಲು ಸುಮಾರು 13 ಗಂಟೆ ಇರುತ್ತದೆ, ಡಿಸೆಂಬರ್ ಕೊನೆಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷದ ಹತ್ತಿರ. ನಡುವೆ ಇರುವುದು ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ನಮಗೆ ಅದು ಗೊತ್ತೂ ಆಗುವುದಿಲ್ಲ, ಆದರೆ ಭತ್ತದ ಎಲೆ ಅದನ್ನು ದಿನಾ ಅಳೆಯುತ್ತದೆ. ಹಗಲು ಸಾಕಷ್ಟು ಗಿಡ್ಡ ಆಯಿತು ಅಂತ ಗೊತ್ತಾದ ಮೇಲೆ ಎಲೆಯಲ್ಲಿ ಒಂದು ಪ್ರೋಟೀನ್ ತಯಾರಾಗಿ, ಕಾಂಡದಲ್ಲಿ ಸಾಗಿ, ಬುಡದಲ್ಲಿ ಅಡಗಿರುವ ಸುಳಿಯ ತುದಿಗೆ ಹೋಗಿ, ಇನ್ನು ಎಲೆ ಸಾಕು, ತೆನೆ ಮಾಡು ಅಂತ ಹೇಳುತ್ತದೆ. ಆ ಪ್ರೋಟೀನಿನ ವಂಶವಾಹಿಗೆ ಎಚ್‌ಡಿ3ಎ ಅಂತ ಹೆಸರು. ಅದು ಎಲೆಯಿಂದ ಸುಳಿಗೆ ನಿಜವಾಗಿಯೂ ಪಯಣ ಮಾಡುತ್ತದೆ ಅಂತ ಜಪಾನಿನ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಅದರ ಮೇಲೆ ಕೂತಿರುವ ಇನ್ನೊಂದು ವಂಶವಾಹಿ ಎಚ್‌ಡಿ1. ಇದರದ್ದು ಎರಡು ಕೆಲಸ. ಹಗಲು ಚಿಕ್ಕದಿದ್ದರೆ ತೆನೆಗೆ ದಾರಿ ಬಿಡುತ್ತದೆ, ಹಗಲು ಉದ್ದ ಇದ್ದರೆ ಅದೇ ಅಡ್ಡ ನಿಲ್ಲುತ್ತದೆ.

ಈಗ ನಿಮ್ಮ ಗದ್ದೆಗೆ ಬನ್ನಿ. ನಿಮ್ಮ ಸಸಿ ಎಳೆತನ ಮುಗಿಸಿ ತಯಾರಾಗುವ ಹೊತ್ತಿಗೆ ಮಾರ್ಚ್ ಕೊನೆ. ಅಲ್ಲಿಂದ ಮುಂದೆ ಹಗಲು ದಿನದಿನಕ್ಕೂ ಉದ್ದ ಆಗುತ್ತಾ ಹೋಯಿತು. ಗಿಡಕ್ಕೆ ಅಪ್ಪಣೆ ಸಿಗಲೇ ಇಲ್ಲ. ನೀವು ಅದನ್ನು ಕೊಯ್ದು ದನಕ್ಕೆ ಹಾಕದೆ ಹಾಗೇ ಬಿಟ್ಟಿದ್ದರೆ ಮಳೆಗಾಲ ಪೂರ್ತಿ ಹಸಿರಾಗಿದ್ದು ಆಮೇಲೆ ತೆನೆ ತೆಗೆಯುತ್ತಿತ್ತು.

ಇದನ್ನು ದೋಷ ಅಂತ ನೋಡಬೇಡಿ. ಹಳೇ ತಳಿಗಳನ್ನು ಜೂನಿನಲ್ಲಿ ಬಿತ್ತಿ, ಮಳೆ ತಡ ಆಗಿ ಜುಲೈ ಕೊನೆಗೆ ಬಿತ್ತಿ, ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ತೆನೆ ಬರುತ್ತದೆ. ಇದನ್ನು ನಮ್ಮ ಹಿರಿಯರು ಎಷ್ಟೋ ಸಲ ಹೇಳಿದ್ದಾರೆ, ಅಲ್ವಾ? ಹೂ ಬಿಡುವಾಗ ಜಡಿಮಳೆ ಹೊಡೆದರೆ ಪರಾಗ ತೊಳೆದು ಹೋಗಿ ಜೊಳ್ಳಾಗುತ್ತದೆ. ಹಾಗಾಗಿ ಮಳೆ ಕಡಿಮೆ ಆಗುವ ಕಾಲಕ್ಕೆ ಸರಿಯಾಗಿ ಹೂ ಬಿಡುವ ಬೀಜವೇ ಇಲ್ಲಿ ಉಳಿದದ್ದು. ತೆನೆ ತುಂಬಿದ ಗಿಡದ ಬೀಜವನ್ನೇ ಜನ ಮುಂದಿನ ವರ್ಷಕ್ಕೆ ಎತ್ತಿಟ್ಟರು, ಅದೂ ನೂರಾರು ವರ್ಷ. ಹಾಗೆ ಹುಟ್ಟಿದ ಲೆಕ್ಕ ಇದು.

ಬೇಸಿಗೆಗೆ ಬೇಕಾದರೆ ಹಗಲಿನ ಉದ್ದಕ್ಕೆ ತಲೆ ಕೆಡಿಸಿಕೊಳ್ಳದ ತಳಿ ಹಾಕಿ. 1966ರಲ್ಲಿ ಬಂದ ಐಆರ್8, 1968ರಲ್ಲಿ ನಮ್ಮ ದೇಶದಲ್ಲೇ ಬಂದ ಜಯ ಇಂಥವು. ಅವು ಹರಡಿದ್ದಕ್ಕೆ ಇಳುವರಿ ಒಂದು ಕಾರಣ ಆದರೆ, ಯಾವ ಕಾಲದಲ್ಲಿ ಹಾಕಿದರೂ ತೆನೆ ಬರುವುದು ಇನ್ನೊಂದು ಕಾರಣ. ಜಪಾನಿನ ಉತ್ತರ ತುದಿಯ ಹೊಕ್ಕೈಡೊದಲ್ಲಂತೂ ಬೇಸಿಗೆಯ ಹಗಲು 15 ಗಂಟೆ ದಾಟುತ್ತದೆ, ಆಮೇಲೆ ಬೇಗ ಚಳಿ ಬೀಳುತ್ತದೆ. ಅಲ್ಲಿ ಹಗಲು ಚಿಕ್ಕದಾಗಲಿ ಅಂತ ಕಾದರೆ ಬೆಳೆಯೇ ಇಲ್ಲ. ಅಲ್ಲಿನ ಭತ್ತದಲ್ಲಿ ತೆನೆಯನ್ನು ತಡೆಯುವ ವಂಶವಾಹಿಗಳು ಕೆಟ್ಟು ಸುಮ್ನೆ ಕೂತಿವೆ. ಕೆಟ್ಟದ್ದೇ ಅಲ್ಲಿ ಅನುಕೂಲ ಆಯಿತು.

ಇನ್ನೊಂದು ಮಾತು. ಮುಂದಿನ ಸಲ ಅನುಮಾನ ಬಂದರೆ ಕಾಯುತ್ತಾ ಕೂರಬೇಡಿ. ಒಂದು ಬುಡದಲ್ಲಿ ಎಲ್ಲಕ್ಕಿಂತ ದಪ್ಪ ಇರುವ ತೆಂಡೆಯನ್ನು, ಅಂದರೆ ಬುಡದಿಂದ ಒಡೆದ ಕವಲನ್ನು, ಬೇರು ಸಮೇತ ಕಿತ್ತು, ತೊಳೆದು, ಬ್ಲೇಡಿನಿಂದ ಬುಡದ ಕಡೆಯಿಂದ ಉದ್ದಕ್ಕೆ ಸೀಳಿ. ಗಿಣ್ಣುಗಳ ಮೇಲೆ, ಎಲೆ ಸುತ್ತಿಕೊಂಡಿರುವ ಒಳಗೆ, ಎಳ್ಳಿಗಿಂತಲೂ ಸಣ್ಣ ಬಿಳಿ ತುದಿ ಕಾಣುತ್ತದೆ. ಅದು ನುಣ್ಣಗೆ ಚೂಪಾಗಿದ್ದರೆ ಇನ್ನೂ ಅಪ್ಪಣೆ ಬಂದಿಲ್ಲ. ಹತ್ತಿ ಚೂರಿನ ಹಾಗೆ ಜುಂಗು ಜುಂಗಾಗಿದ್ದರೆ ಅದೇ ತೆನೆ. ನಾನು ಮೊದಲ ಸಲ ನೋಡಿದಾಗ ಅದನ್ನು ಕೈಯಲ್ಲಿ ಹಿಡಿದು ಅಂಚಿನ ಮೇಲೆ ಎಷ್ಟೋ ಹೊತ್ತು ಕೂತಿದ್ದೆ, ಇಡೀ ಗದ್ದೆಯ ಅನ್ನ ಇಷ್ಟರಲ್ಲಿ ಇದೆಯಲ್ಲ ಅಂತ. ಅದು ಕಂಡ ದಿನದಿಂದ ತೆನೆ ಹೊರಬಿದ್ದು ಹೂ ಬಿಡೋಕೆ ಸುಮಾರು 35 ದಿನ, ಅಲ್ಲಿಂದ ಹಣ್ಣಾಗೋಕೆ ಇನ್ನೊಂದು 30 ದಿನ. ಈ ಎರಡು ಲೆಕ್ಕ ಎಲ್ಲಾ ತಳಿಗೂ ಹೆಚ್ಚುಕಮ್ಮಿ ಒಂದೇ. ಅಲ್ಪಾವಧಿ, ದೀರ್ಘಾವಧಿ ಅಂತ ಚೀಲದ ಮೇಲೆ ಬರೆದಿರುವ ವ್ಯತ್ಯಾಸ ಎಲ್ಲ ಅದಕ್ಕೆ ಮುಂಚಿನ ದಿನಗಳದ್ದು.

ಪ್ರಶ್ನೆ: ವರದಾ ನದಿ ಪಕ್ಕ ನಮ್ಮ ಗದ್ದೆ. ಎರಡು ವರ್ಷಕ್ಕೊಮ್ಮೆಯಾದರೂ ನೆರೆ ಬಂದು ಎಂಟು ಹತ್ತು ದಿನ ಪೂರ್ತಿ ಮುಳುಗುತ್ತದೆ. ಸ್ವರ್ಣ ಸಬ್1 ಹಾಕಿದರೆ ತಿಂಗಳುಗಟ್ಟಲೆ ನೀರಲ್ಲಿದ್ದರೂ ಸಾಯಲ್ಲ ಅಂತ ಒಬ್ಬರು ಹೇಳಿದರು. ನಿಜವಾ?
— ಸೊರಬ ತಾಲ್ಲೂಕಿನ ಓದುಗರು

ಉತ್ತರ: ತಿಂಗಳು ಅನ್ನುವುದು ಸುಳ್ಳು. ಎರಡು ವಾರದ ಹತ್ತಿರ ಅನ್ನುವುದು ನಿಜ, ಅದೂ ನೀರು ತೀರಾ ಕೆಸರಾಗಿರದೆ ತಂಪಾಗಿದ್ದರೆ.

ಮಾಮೂಲಿ ಭತ್ತ ಮುಳುಗಿದಾಗ ಗಾಬರಿಯಾಗಿ ಎಲೆಯನ್ನು ಮೇಲಕ್ಕೆ ಚಾಚುತ್ತದೆ. ನೀರು ಆಳವಾಗಿದ್ದರೆ ಮೇಲೆ ಬರೋಕೆ ಆಗುವುದಿಲ್ಲ, ಬುಡದಲ್ಲಿ ಕೂಡಿಟ್ಟ ಸಕ್ಕರೆ ಎಲ್ಲ ಖರ್ಚಾಗುತ್ತದೆ. ನೀರು ಇಳಿದಾಗ ಗಿಡ ಉದ್ದಕ್ಕೆ ಬಿದ್ದು ಕೊಳೆಯುತ್ತದೆ. ನೀವು ಎಷ್ಟೋ ಸಲ ನೋಡಿರುತ್ತೀರಿ. ಸಬ್1ಎ ಅನ್ನುವ ವಂಶವಾಹಿ ಇದ್ದರೆ ಗಿಡ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಇದ್ದುದನ್ನು ಉಳಿಸಿಕೊಂಡು ಉಸಿರು ಹಿಡಿದು ಕೂರುತ್ತದೆ, ನೀರು ಇಳಿದ ಮೇಲೆ ಅದೇ ಬುಡದಿಂದ ಹೊಸ ಎಲೆ ಬಿಡುತ್ತದೆ. ಇದು ಒಡಿಶಾದ ಒಂದು ಹಳೇ ನಾಟಿ ತಳಿಯಿಂದ ಆರಿಸಿದ ಎಫ್‌ಆರ್13ಎ ಎಂಬ ಭತ್ತದಿಂದ ಬಂದದ್ದು. ವಂಶವಾಹಿ ಯಾವುದು ಅಂತ 2006ರಲ್ಲಿ ಪತ್ತೆಯಾಯಿತು, ಸ್ವರ್ಣ ಅನ್ನುವ ತಳಿಗೆ ಅದನ್ನು ಸೇರಿಸಿದ ಸ್ವರ್ಣ ಸಬ್1 2009ರಲ್ಲಿ ನಮ್ಮ ದೇಶದ ರೈತರಿಗೆ ಸಿಕ್ಕಿತು. ಇದಕ್ಕೆ ಪೂರಾ ಉಲ್ಟಾ ದಾರಿ ಹಿಡಿದ ಭತ್ತಗಳೂ ಇವೆ. ಬಾಂಗ್ಲಾದೇಶದಂಥ ಕಡೆ ತಿಂಗಳುಗಟ್ಟಲೆ ಆಳದ ನೀರು ನಿಲ್ಲುವಲ್ಲಿ ದಿನಕ್ಕೆ 20-25 ಸೆಂಟಿಮೀಟರ್ ತನಕ ಬೆಳೆದು ತಲೆ ಮೇಲಿಟ್ಟುಕೊಳ್ಳುವ ತಳಿಗಳಿವೆ. ಒಂದೇ ಕಷ್ಟಕ್ಕೆ ಒಂದು ಕೂತು ಗೆಲ್ಲುತ್ತದೆ, ಇನ್ನೊಂದು ಎದ್ದು ಗೆಲ್ಲುತ್ತದೆ.

ಆದರೆ ಸ್ವರ್ಣಕ್ಕೆ ಎಲೆ ಸುಟ್ಟಂತೆ ಮಾಡುವ ಬೆಂಕಿ ರೋಗ ತಡೆಯುವ ಶಕ್ತಿ ಇಲ್ಲ. ನಮ್ಮ ಮಲೆನಾಡಿನ ಮಂಜಿಗೆ ಅದನ್ನು ಇಡೀ ಗದ್ದೆಗೆ ಹಾಕಿ ಅಂತ ನಾನು ಹೇಳಲಾರೆ. ಕರಾವಳಿಯ ಮುಳುಗುವ ಗದ್ದೆಗೆ ಅಂತ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಸಹ್ಯಾದ್ರಿ ಪಂಚಮುಖಿ ಕೆಂಪಕ್ಕಿ ಇದೆ, ಅದನ್ನು ಒಂದು ಮೂಲೆಯಲ್ಲಿ ಹಾಕಿ ನೋಡಿ. ನಿಮ್ಮ ಸೊರಬ, ಸಾಗರದ ಕಡೆಯೇ ನೆರೆಗುಳಿ ಅನ್ನುವ ಹಳೇ ಭತ್ತ ಇದೆ, ಹೆಸರಲ್ಲೇ ನೆರೆ ಇದೆ. ಸ್ವರ್ಣದ ಚೀಲ ಹುಡುಕುವ ಮೊದಲು ಅದರ ಬೀಜ ಯಾರ ಮನೆಯಲ್ಲಿದೆ ಅಂತ ವಿಚಾರಿಸಿ. ಮತ್ತೆ, ನೀರಿಳಿದ ದಿನವೇ ಯೂರಿಯಾ ಎರಚಬೇಡಿ. ಹೊಸ ಎಲೆ ಚಿಗುರುವ ತನಕ ಐದಾರು ದಿನ ತಾಳಿ.

ಪ್ರಶ್ನೆ: ಹೀಗೆ ವಂಶವಾಹಿ ಸೇರಿಸಿದ ಅಕ್ಕಿ ಅಂದರೆ ಕುಲಾಂತರಿ ಅಲ್ವಾ? ಮನೆಯಲ್ಲಿ ಮಕ್ಕಳಿಗೆ ಕೊಡಬಹುದಾ?
— ಶಿವಮೊಗ್ಗದ ಗೃಹಿಣಿ

ಉತ್ತರ: ಮೇಲೆ ಹೇಳಿದ ಸ್ವರ್ಣ ಸಬ್1 ಕುಲಾಂತರಿ ಅಲ್ಲ. ಧೈರ್ಯವಾಗಿ ಕೊಡಿ. ಭತ್ತಕ್ಕೆ ಭತ್ತವನ್ನೇ ಕೂಡಿಸಿ, ಹುಟ್ಟಿದ ಸಸಿಗಳ ಎಲೆ ಚೂರನ್ನು ಪರೀಕ್ಷೆ ಮಾಡಿ, ಬೇಕಾದ ವಂಶವಾಹಿ ಯಾವುದಕ್ಕೆ ಬಂದಿದೆ ನೋಡಿ ಅದನ್ನು ಮತ್ತೆ ಮತ್ತೆ ಸ್ವರ್ಣಕ್ಕೇ ಕೂಡಿಸಿದ್ದು. ಮೊದಲು ಗದ್ದೆಯಲ್ಲಿ ಬೆಳೆಸಿ, ಮುಳುಗಿಸಿ, ಯಾವುದು ಬದುಕಿತು ಅಂತ ಕಾಯಬೇಕಿತ್ತು. ಈಗ ಸಸಿಯಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ದಾವಣಗೆರೆಯ ನಮ್ಮ ಭಾವನ ಗದ್ದೆಯಲ್ಲಿ ಒಂದು ಕಲೆಯೂ ಇಲ್ಲದೆ ಬಂದ ತಳಿ ನಮ್ಮಲ್ಲಿ ಬೆಂಕಿ ರೋಗಕ್ಕೆ ಸುಟ್ಟೇ ಹೋಯಿತು. ಅವರದೇ ಬೀಜ, ಅವರು ಹೇಳಿದಷ್ಟೇ ಗೊಬ್ಬರ.
— ಆಗುಂಬೆ ಕಡೆಯ ಓದುಗರು

ಉತ್ತರ: ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುತ್ತದೆ. ದಾವಣಗೆರೆಯಲ್ಲಿ ಅದರ ಸಣ್ಣ ಪಾಲು. ಬೆಂಕಿ ರೋಗ ಒಂದು ಶಿಲೀಂಧ್ರದಿಂದ ಬರುವುದು, ಅದರ ಬೀಜಕಣ ಮೊಳೆಯೋಕೆ ಎಲೆ ಗಂಟೆಗಟ್ಟಲೆ ಒದ್ದೆ ಇರಬೇಕು. ನಮ್ಮಲ್ಲಿ ಬೆಳಗ್ಗೆ ಹತ್ತಾದರೂ ಎಲೆ ಒಣಗಿರುವುದಿಲ್ಲ. ಅದರ ಮೇಲೆ ಯೂರಿಯಾ ಜಾಸ್ತಿ ಆದರೆ ಎಲೆ ಮೆತ್ತಗಾಗಿ ರೋಗಕ್ಕೆ ಇನ್ನೂ ಸಲೀಸು. ಹಾಗಾಗಿ ಭಾವ ಹೇಳಿದ ಗೊಬ್ಬರದ ಲೆಕ್ಕ ನಿಮಗೆ ಆಗುವುದಿಲ್ಲ, ಬೀಜವೂ ಆಗುವುದಿಲ್ಲ.

ಭತ್ತದಲ್ಲಿ ಈ ರೋಗವನ್ನು ಗುರುತಿಸಿ ತಡೆಯುವ ವಂಶವಾಹಿಗಳು ಬಹಳ ಇವೆ. ತೊಂದರೆ ಏನೆಂದರೆ ಒಂದೊಂದೂ ಶಿಲೀಂಧ್ರದ ಕೆಲವು ಬಗೆಗಳನ್ನು ಮಾತ್ರ ಗುರುತಿಸುತ್ತದೆ. ಶಿಲೀಂಧ್ರ ಸ್ವಲ್ಪ ರೂಪ ಬದಲಾಯಿಸಿದರೆ ಗುರುತು ಸಿಗದೆ ತಳಿ ಸೋಲುತ್ತದೆ. ಅದಕ್ಕೇ ಹತ್ತು ವರ್ಷ ಗಟ್ಟಿ ಇದ್ದ ಭತ್ತ ಒಮ್ಮೆಲೇ ಕೈಕೊಡುತ್ತದೆ. ಮಲೆನಾಡಿಗೆ ಇಂಟಾನ್ ಅನ್ನುವ ತಳಿ ಬಹಳ ವರ್ಷ ಆಸರೆ ಆಗಿತ್ತು. ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯ ಇಲ್ಲಿಯ ಅಕ್ಕಳು ಭತ್ತದ ತಡೆಯುವ ಗುಣವನ್ನು ಜ್ಯೋತಿ ತಳಿಗೆ ಕೂಡಿಸಿ ಸಹ್ಯಾದ್ರಿ ಮೇಘ ಕೆಂಪಕ್ಕಿ ತಂದಿದೆ. ನೀವು ಅದನ್ನು ಕೇಳಿ. ಇಡೀ ಗದ್ದೆಗೆ ಒಂದೇ ತಳಿ ಹಾಕದೆ ಎರಡು ಮೂರು ಹಾಕಿ, ಒಂದು ಸೋತರೂ ಇನ್ನೊಂದು ನಿಂತಿರುತ್ತದೆ.

ಪ್ರಶ್ನೆ: ಅಜ್ಜಿ ತೀರಿಕೊಂಡ ಮೇಲೆ ಅಟ್ಟದಲ್ಲಿ ಅವರು ಕಟ್ಟಿಟ್ಟ ಮೂರು ಬಗೆ ಭತ್ತ ಸಿಕ್ಕಿತು. ಇಳುವರಿ ಕಡಿಮೆ, ಗಾಳಿಗೆ ಬೀಳುತ್ತದೆ, ಯಾಕೆ ಬೇಕು ಅಂತ ಅಪ್ಪ ಹೇಳುತ್ತಾರೆ. ನನಗೆ ಬಿಸಾಡೋಕೆ ಮನಸ್ಸಿಲ್ಲ.
— ಹೊಸನಗರದ ಕಾಲೇಜು ವಿದ್ಯಾರ್ಥಿನಿ

ಉತ್ತರ: ಬಿಸಾಡಬೇಡಮ್ಮ. ಅಪ್ಪ ಹೇಳಿದ್ದು ಸುಳ್ಳಲ್ಲ, ಅವರು ಆ ಗದ್ದೆಯ ಮೇಲೆ ಮನೆ ನಡೆಸಬೇಕು. ಆದರೆ ಎಫ್‌ಆರ್13ಎ ಕೂಡ ಇಳುವರಿ ಕಡಿಮೆ, ಅನ್ನ ಅಷ್ಟು ಚೆನ್ನಾಗಿಲ್ಲ ಅನ್ನಿಸಿಕೊಂಡ ಭತ್ತವೇ. ಗಾಳಿಗೆ ಬೀಳದಂತೆ ಐಆರ್8ನ್ನು ಗಿಡ್ಡ ಮಾಡಿದ ವಂಶವಾಹಿ ತೈವಾನಿನ ಒಂದು ಹಳೇ ನಾಟಿ ಭತ್ತದ್ದು. ಒಣಭೂಮಿಯಲ್ಲಿ ಬೇರನ್ನು ಆಳಕ್ಕೆ ಇಳಿಸುವ ಡಿಆರ್‌ಒ1 ಅನ್ನುವ ವಂಶವಾಹಿ ಫಿಲಿಪೈನ್ಸಿನಲ್ಲಿ ನಮ್ಮ ಮಕ್ಕಿಗದ್ದೆಯಂಥ, ಮಳೆಯನ್ನೇ ನಂಬಿದ ಎತ್ತರದ ಜಾಗದ ಭತ್ತದಲ್ಲಿ ಸಿಕ್ಕಿದ್ದು. ನಮ್ಮ ಘಟ್ಟ ಇಳಿದರೆ ಕುಮಟಾದ ಅಘನಾಶಿನಿ ಹಿನ್ನೀರಿನಲ್ಲಿ ಉಪ್ಪು ನೀರು ತಡೆಯುವ ಕಗ್ಗ ಭತ್ತ ಇದೆ. ಇವನ್ನೆಲ್ಲ ಯಾರೋ ಒಂದು ಮನೆಯವರು ಬಿಸಾಡಲಿಲ್ಲ ಅಂತ ಉಳಿದವು.

ಈಗ ಮಾಡುವ ಕೆಲಸ ಹೇಳುತ್ತೇನೆ. ಮೊದಲು ಪ್ರತಿ ಬಗೆಯಿಂದ ನೂರು ಕಾಳು ಎಣಿಸಿ ಒದ್ದೆ ಗೋಣಿ ಚೂರಿನಲ್ಲಿ ಸುತ್ತಿಡು, ಐದಾರು ದಿನಕ್ಕೆ ಎಷ್ಟು ಮೊಳಕೆ ಬಂತು ನೋಡು. ಭತ್ತದ ಬೀಜ ಮನೆಯ ಅಟ್ಟದಲ್ಲಿ ಬಹಳ ವರ್ಷ ಬದುಕುವುದಿಲ್ಲ, ಅದರಲ್ಲೂ ನಮ್ಮ ಮಳೆಗಾಲದ ತೇವದಲ್ಲಿ. ಹತ್ತೇ ಮೊಳೆತರೂ ಸಾಕು, ಆ ಹತ್ತನ್ನು ಕುಂಡದಲ್ಲಾದರೂ ಬೆಳೆಸು. ಮುಂದೆ ಗದ್ದೆಯ ಒಂದು ಮೂಲೆಯಲ್ಲಿ ಚಾಪೆಯಷ್ಟು ಜಾಗ ಅಪ್ಪನ ಹತ್ತಿರ ಕೇಳು, ಬೇರೆ ತಳಿಯಿಂದ ಮೂರು ಮೀಟರ್ ದೂರ ಇದ್ದರೆ ಬೆರಕೆ ಆಗುವುದು ಬಹಳ ಕಡಿಮೆ, ಭತ್ತ ತನ್ನ ಪರಾಗಕ್ಕೆ ತಾನೇ ಕಾಳು ಕಟ್ಟುವ ಗಿಡ. ಒಂದು ನೋಟ್‌ಬುಕ್ಕಿನಲ್ಲಿ ಬಿತ್ತಿದ ದಿನ, ಮೊದಲ ತೆನೆ ಬಂದ ದಿನ ಬರೆದಿಡು. ಅಜ್ಜಿ ಆ ಮೂರಕ್ಕೆ ಏನು ಹೆಸರು ಹೇಳುತ್ತಿದ್ದರು, ಯಾವ ಗದ್ದೆಗೆ ಯಾವುದನ್ನು ಹಾಕುತ್ತಿದ್ದರು ಅಂತ ಅಪ್ಪನಿಗೋ ಅತ್ತೆಯರಿಗೋ ನೆನಪಿರುತ್ತದೆ. ಅದನ್ನು ಈ ವಾರವೇ ಕೇಳಿ ಬರೆದುಕೋ.