ವಿಂಡೋಸ್ ಅಳಿಸುವ ಮುನ್ನ ನುಡಿ ಕಡತಗಳನ್ನು ನೋಡಿ

ಪ್ರಶ್ನೆ: ಹಾಸನದಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ, 11 ಕೂರುವುದಿಲ್ಲವಂತೆ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿಸಿದರೆ ಫೈರ್‌ಫಾಕ್ಸ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿಟ್ಟ ಕ್ರಯಪತ್ರ, ಬಾಡಿಗೆ ಕರಾರಿನ ಮಾದರಿಗಳು ಹೋಗಿಬಿಡುತ್ತವೆಯೇ?

ಉತ್ತರ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಬದಲಾಯಿಸುವುದು ಸರಿಯೇ. ಆದರೆ ನುಡಿ ಕಡತಗಳ ಕೆಲಸವನ್ನು ವಿಂಡೋಸ್ ಇರುವಾಗಲೇ ಮುಗಿಸಿಕೊಳ್ಳಿ.

ಹಳೆಯ ನುಡಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟ್. ನುಡಿಯ ಫಾಂಟ್ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲಿಸಿ ಮಿಂಟ್‌ನಲ್ಲಿ ಹಾಕಿಕೊಂಡರೆ ಓದಲು, ಪ್ರಿಂಟ್ ತೆಗೆಯಲು ಅಡ್ಡಿಯಿಲ್ಲ. ತೊಂದರೆ ಬರುವುದು ತಿದ್ದುವಾಗ. ಮಿಂಟ್‌ನಲ್ಲಿ ನೀವು ಒತ್ತುವುದು ಯೂನಿಕೋಡ್ ಕನ್ನಡ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿ. ಅದು ಹಳೆಯ ಸಾಲಿನೊಂದಿಗೆ ಬೆರೆಯದು. ಹೆಸರು ಹುಡುಕಿದರೂ ಸಿಗದು. ಹಾಗಾಗಿ ದಿನಬಳಕೆಯ ಮಾದರಿಗಳನ್ನು ನುಡಿಯ ಪರಿವರ್ತಕದಲ್ಲೇ ಯೂನಿಕೋಡ್‌ಗೆ ತಿರುಗಿಸಿ. ಇಡೀ ಪುಟವನ್ನು ಒಟ್ಟಿಗೆ ಕೊಟ್ಟರೆ ನಡುವೆ ಇರುವ ಇಂಗ್ಲಿಷನ್ನೂ ಅದು ಕನ್ನಡದ ಸಂಕೇತವೆಂದೇ ಓದುತ್ತದೆ. ಪ್ಯಾನ್ ಸಂಖ್ಯೆ ಅರ್ಥವಿಲ್ಲದ ಅಕ್ಷರಗಳಾಗಿಬಿಡುತ್ತದೆ. ಅರ್ಕಾವತ್ತು, ಒತ್ತಕ್ಷರ, ಸರ್ವೆ ನಂಬರು, ಚಕ್ಕುಬಂದಿಯನ್ನು ಹಳೆಯ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿ. ನೋಂದಣಿಗೆ ಹೋಗುವ ಪತ್ರ, ಅವಸರ ಬೇಡ. ಮೂಲ ಕಡತಗಳನ್ನೂ ಬೇರೆಡೆ ಉಳಿಸಿಕೊಳ್ಳಿ.

ಬೆರಳಿನ ರೂಢಿ ಕೆಡುವುದಿಲ್ಲ. ಮಿಂಟ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ತಂತ್ರಾಂಶದ ಜೊತೆಗೆ ಎಂ17ಎನ್ ಎಂಬ ಕೀಲಿಮಣೆ ವಿನ್ಯಾಸಗಳ ಕಟ್ಟು ಹಾಕಿಸಿ, ಕನ್ನಡದಡಿ ‘ಕೆಜಿಪಿ’ ಆರಿಸಿ. ಅದು ನುಡಿಯದೇ ಕಗಪ ಕೀಲಿಮಣೆ ವಿನ್ಯಾಸ. ಒತ್ತಕ್ಷರಕ್ಕೆ ಅದೇ ಎಫ್ ಕೀಲಿ.

ಫೈರ್‌ಫಾಕ್ಸ್ ಕೆಲಸ ಸುಲಭ. ‘ಹೆಲ್ಪ್’ ಮೆನುವಿನ ‘ಟ್ರಬಲ್‌ಶೂಟಿಂಗ್’ ಪುಟದಲ್ಲಿ, ನೀವು ಉಳಿಸಿದ್ದೆಲ್ಲ ಇರುವ ಪ್ರೊಫೈಲ್ ಫೋಲ್ಡರ್ ತೆರೆಯುವ ಗುಂಡಿ ಇದೆ. ಫೋಲ್ಡರ್ ತೆರೆದ ಮೇಲೆ ಫೈರ್‌ಫಾಕ್ಸ್ ಪೂರ್ತಿ ಮುಚ್ಚಿ, ಮೂರು ಕಡತ ನಕಲಿಸಿ: ‘ಲಾಗಿನ್ಸ್.ಜೇಸನ್’, ‘ಕೀ4.ಡಿಬಿ’, ‘ಪ್ಲೇಸಸ್.ಎಸ್‌ಕ್ಯೂಲೈಟ್’. ಮೊದಲೆರಡರಲ್ಲಿ ಪಾಸ್‌ವರ್ಡ್, ಮೂರನೆಯದರಲ್ಲಿ ಬುಕ್‌ಮಾರ್ಕ್. ‘ಕೀ4’ ಬಿಟ್ಟುಹೋದರೆ ಪಾಸ್‌ವರ್ಡ್ ಕಡತ ತೆರೆಯುವುದೇ ಇಲ್ಲ, ಬೀಗದ ಕೈ ಇರುವುದು ಅದರೊಳಗೆ. ಮಿಂಟ್‌ನಲ್ಲಿ ಮೊದಲು ಫೈರ್‌ಫಾಕ್ಸ್ ಅಪ್‌ಡೇಟ್ ಮಾಡಿ, ಅದೇ ದಾರಿಯಲ್ಲಿ ಹೊಸ ಫೋಲ್ಡರ್ ತೆರೆದು, ಮತ್ತೆ ಮುಚ್ಚಿ, ಈ ಮೂರನ್ನು ಅದರಲ್ಲಿ ಹಾಕಿ.

ಕ್ರೋಮ್ ಕೂಡ ಬಳಸುತ್ತಿದ್ದರೆ ಈ ಉಪಾಯ ನಡೆಯದು. ಅದರ ಪಾಸ್‌ವರ್ಡ್‌ಗಳು ಆ ಕಂಪ್ಯೂಟರಿನ ವಿಂಡೋಸ್ ಖಾತೆಗೆ ಅಂಟಿಕೊಂಡಿರುತ್ತವೆ. ಪಾಸ್‌ವರ್ಡ್ ಮ್ಯಾನೇಜರ್‌ನಿಂದ ಸಿಎಸ್‌ವಿ ಕಡತವಾಗಿ ಹೊರತೆಗೆದು ಮಿಂಟ್‌ನಲ್ಲಿ ಸೇರಿಸಿ. ಸಿಎಸ್‌ವಿಯಲ್ಲಿ ಎಲ್ಲ ಪಾಸ್‌ವರ್ಡ್‌ಗಳೂ ಯಾರು ಬೇಕಾದರೂ ಓದುವಂತಿರುತ್ತವೆ, ಕೆಲಸವಾದ ಕೂಡಲೇ ಪೆನ್‌ಡ್ರೈವ್‌ನಿಂದ ಅಳಿಸಿ.